ಲೆಕ್ಕವಿಡುವವನ ಲೆಕ್ಕ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಗಣಕಯಂತ್ರದ ಲೆಕ್ಕದ ವಿಷಯವಾಗಿ ಬರೆಯಹೊರಟವನನ್ನು ಕಂಡು ಮಿತ್ರರು ನಗಬಹುದು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವವನಿಗೆ ಡೇಟಾಬೇಸಿನ ಉಸಾಬರಿ ಏತಕ್ಕೆಂದು ಈಗಾಗಲೇ ಇಬ್ಬರು ಕೇಳಿಯೂ ಆಗಿದೆ. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಯಂತ್ರವನ್ನು ಕಟ್ಟುವುದು ಎಂಜಿನಿಯರುಗಳ ಕೆಲಸವಾಗಿರಬಹುದು. ಆದರೆ ಯಂತ್ರವು ತನ್ನ ದುಡಿಮೆಯನ್ನು ಕುರಿತು ತಾನೇ ಬರೆದಿಟ್ಟ ಲೆಕ್ಕವನ್ನು ನಂಬಬಹುದೇ, ನಂಬಿ ಒಬ್ಬ ಮನುಷ್ಯನ ಮೇಲೆ ತಪ್ಪು ಹೊರಿಸಬಹುದೇ ಎಂಬುದು ಸಾಕ್ಷ್ಯದ ಪ್ರಶ್ನೆ. ಶಾಸನವನ್ನೂ ಕಡತವನ್ನೂ ಓದುವ ನಮಗೆ ಅದು ಪರಕೀಯವಾದ ಪ್ರಶ್ನೆಯಲ್ಲ.

ಪ್ರಸಂಗ ನಡೆದದ್ದು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ. ನನ್ನ ಸೋದರಮಾವ ಅಲ್ಲಿ ಗುಮಾಸ್ತರು. ತುಂಗಭದ್ರೆಯ ನೀರುಂಡ ಈ ಸೀಮೆಯಲ್ಲಿ ಸುಗ್ಗಿ ಬಂದಿತೆಂದರೆ ಸಿರುಗುಪ್ಪದ ಸುತ್ತಿನಿಂದಲೂ ಕುರುಗೋಡಿನ ಕಡೆಯಿಂದಲೂ ನೆಲ್ಲು ಹೊತ್ತ ಲಾರಿ, ಟ್ರ್ಯಾಕ್ಟರುಗಳು ಗಿರಣಿಗಳ ಮುಂದೆ ಸಾಲುಗಟ್ಟುತ್ತವೆ. ಗಾಡಿ ಕಾಟಾ ಹತ್ತಿ ಇಳಿದು ಚೀಟಿ ಕೈಗೆ ಬಂದ ಮೇಲೆಯೇ ಹಮಾಲರು ಚೀಲಕ್ಕೆ ಕೈ ಹಚ್ಚುವುದು. ಕಳೆದ ಸುಗ್ಗಿಯಲ್ಲಿ ಆ ಚೀಟಿ ಬರುವುದೇ ತಡವಾಗತೊಡಗಿತು. ಒಂದೊಂದಕ್ಕೆ ನೋಡಿದರೆ ತಡ ಸ್ವಲ್ಪವೇ. ಆದರೆ ಸಾಲಿನ ತುದಿಯಲ್ಲಿ ನಿಂತವನಿಗೆ ಆ ಸ್ವಲ್ಪಗಳೆಲ್ಲ ಸೇರಿ ಮಧ್ಯಾಹ್ನದ ಊಟ ತಪ್ಪುತ್ತಿತ್ತು, ಲಾರಿಯ ಬಾಡಿಗೆ ಏರುತ್ತಿತ್ತು.

ಗಿರಣಿಯ ಲೆಕ್ಕಪತ್ರಗಳಿರುವುದು ಪೋಸ್ಟ್‌ಗ್ರೆಸ್ ಎಂಬ ರಿಲೇಶನಲ್ ಡೇಟಾಬೇಸಿನಲ್ಲಿ. ೧೯೭೦ರಲ್ಲಿ ಕಾಡ್ ಎಂಬ ಗಣಿತಜ್ಞ ಪ್ರತಿಪಾದಿಸಿದ ಕ್ರಮದಂತೆ ಎಲ್ಲ ಸಂಗತಿಗಳನ್ನೂ ಸಾಲು ಕಂಬಗಳ ಕೋಷ್ಟಕಗಳಲ್ಲಿ ಬರೆದಿಟ್ಟು, ಬೇಕಾದಾಗ ಪ್ರಶ್ನೆ ಕೇಳಿ ಉತ್ತರ ಪಡೆಯುವುದು ಇದರ ರೀತಿ. ಈ ಪ್ರಶ್ನೆಗೇ ಕ್ವೆರಿ ಎನ್ನುತ್ತಾರೆ. ಯಾವ ಕ್ವೆರಿ ಎಷ್ಟು ಸಲ ಬಂತು, ಅದಕ್ಕೆ ಒಟ್ಟು ಎಷ್ಟು ಹೊತ್ತು ಹಿಡಿಯಿತು, ಸರಾಸರಿ ಎಷ್ಟು ಎಂದು ಬರೆದಿಡುವ ಒಂದು ಅಂಗವೂ ಅದಕ್ಕಿದೆ. ಅದರ ಹೆಸರು ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್, ೨೦೦೯ರಿಂದ ಬಳಕೆಯಲ್ಲಿದೆ. ತಂತ್ರಾಂಶ ಬರೆದುಕೊಟ್ಟ ತರುಣ ಬಳ್ಳಾರಿಯಿಂದ ಬಂದು ಆ ಪಟ್ಟಿಯನ್ನು ತೆರೆದು ನೋಡಿದ. ಎಲ್ಲಕ್ಕಿಂತ ಮೇಲೆ ಕಂಡದ್ದು ಬಾಕಿ ವರದಿ. ದಿನಕ್ಕೊಮ್ಮೆ ಮಾವ ತೆಗೆಯುತ್ತಿದ್ದುದು. ನಿರ್ಣಯವಾಗಿ ಹೋಯಿತು. ಗುಮಾಸ್ತರು ನಡುಹಗಲಲ್ಲಿ ವರದಿ ತೆಗೆಯುವುದರಿಂದಲೇ ಚೀಟಿ ತಡ. ಅದನ್ನು ನಿಲ್ಲಿಸಬೇಕು, ಇಲ್ಲವೇ ದೊಡ್ಡ ಯಂತ್ರ ಕೊಳ್ಳಬೇಕು. ಸಾಹುಕಾರರು ಹಮಾಲರ ಎದುರಿಗೇ ಮಾವನಿಗೆ ನಾಲ್ಕು ಮಾತು ಅಂದರು.

ಆ ಶನಿವಾರ ನಾನು ಊರಿಗೆ ಹೋದಾಗ ಮಾವ ಕೇಳಿದ್ದು ಒಂದೇ ಮಾತು: "ಅಳಿಯಾ, ದಿನಕ್ಕೆ ಒಂದು ಸಲ ತೆಗೆಯೋ ವರದಿಯಿಂದ ದಿನವೆಲ್ಲ ಲಾರಿ ನಿಲ್ತಾವೇನಪ್ಪಾ?"

ಯಂತ್ರದ ಪಟ್ಟಿಯನ್ನು ಕಂಡವರು ಯಾರೂ ಕೇಳದ ಪ್ರಶ್ನೆಯನ್ನು, ಅದನ್ನು ಕಾಣದವರು ಕೇಳಿದ್ದರು. ಬಳ್ಳಾರಿಗೆ ಮರಳಿದ ಮೇಲೆ ಆ ತರುಣನ ಜೊತೆ ಮೂರು ನಾಲ್ಕು ಸಂಜೆ ಕುಳಿತೆ. ಅವನು ಕೆಟ್ಟವನಲ್ಲ, ಕೇಳಿದ್ದಕ್ಕೆ ಬೇಸರಪಡದೆ ಎಲ್ಲವನ್ನೂ ಬಿಚ್ಚಿ ತೋರಿಸಿದ.

ಮೊದಲ ತಪ್ಪು ಸುಲಭವಾಗಿಯೇ ಸಿಕ್ಕಿತು. ಅವನು ಪಟ್ಟಿಯನ್ನು ಸರಾಸರಿಯ ಮೇಲೆ ಜೋಡಿಸಿದ್ದ. ದಿನಕ್ಕೊಮ್ಮೆ ಬಂದು ಒಂದು ನಿಮಿಷ ತೆಗೆದುಕೊಳ್ಳುವ ಕ್ವೆರಿ ಸರಾಸರಿಯಲ್ಲಿ ದೈತ್ಯ. ದಿನಕ್ಕೆ ಸಾವಿರ ಸಲ ಬಂದು ಮೂರು ಸೆಕೆಂಡು ತೆಗೆದುಕೊಳ್ಳುವುದು ಕುಳ್ಳ. ಆದರೆ ಒಟ್ಟು ಹೊತ್ತಿನಲ್ಲಿ ಎರಡನೆಯದು ಮೊದಲನೆಯದರ ಐವತ್ತು ಪಾಲು. ಸರಿ, ಒಟ್ಟು ಹೊತ್ತಿನ ಮೇಲೆ ಜೋಡಿಸಿ ನೋಡಿದೆವು. ಆಶ್ಚರ್ಯವೆಂದರೆ, ಆಗಲೂ ಬಾಕಿ ವರದಿಯೇ ಮೇಲೆ! ಚೀಟಿಯ ಕ್ವೆರಿ ಮೊದಲ ಇಪ್ಪತ್ತರಲ್ಲಿಯೂ ಇರಲಿಲ್ಲ.

ಇಲ್ಲಿಯೇ ನಿಜವಾದ ವಿಷಯವಿರುವುದು. ಈ ಎಣಿಸುವ ಅಂಗವು ಎರಡು ಕ್ವೆರಿಗಳನ್ನು ಒಂದೇ ಎಂದು ಹೇಗೆ ಗುರುತಿಸುತ್ತದೆ? ಮೊದಮೊದಲು ಅಕ್ಷರ ಅಕ್ಷರವೂ ಒಂದೇ ಇದ್ದರೆ ಮಾತ್ರ ಒಂದು ಎನ್ನುತ್ತಿತ್ತು. ಖಾತೆ ೧೫ರ ಬಾಕಿ ಎಷ್ಟು ಎನ್ನುವುದೂ ಖಾತೆ ೧೬ರ ಬಾಕಿ ಎಷ್ಟು ಎನ್ನುವುದೂ ಅದಕ್ಕೆ ಬೇರೆ ಬೇರೆಯಾಗಿದ್ದವು. ೨೦೧೨ರ ೯.೨ನೆಯ ಆವೃತ್ತಿಯಿಂದ ಸಂಖ್ಯೆಗಳನ್ನು ತೆಗೆದಿಟ್ಟು ವಾಕ್ಯದ ಆಕಾರವನ್ನು ಮಾತ್ರ ನೋಡುವ ಕ್ರಮ ಬಂತು. ಅದೂ ಪೂರ್ಣವಾಗಿರಲಿಲ್ಲ. ಕ್ವೆರಿಯೊಳಗೆ ಒಂದು ಪಟ್ಟಿಯಿದ್ದು, ಅದರಲ್ಲಿ ಒಮ್ಮೆ ಮೂರು ಸಂಖ್ಯೆ, ಒಮ್ಮೆ ನಾಲ್ಕು ಸಂಖ್ಯೆ ಇದ್ದರೆ ಆಕಾರವೇ ಬೇರೆಯೆಂದು ಎಣಿಸಿ ಎರಡು ಹಾಳೆ ತೆರೆಯುತ್ತಿತ್ತು. ಗಿರಣಿಯ ಚೀಟಿಯ ಕ್ವೆರಿಯಲ್ಲಿ ಇಂಥ ಪಟ್ಟಿಗಳು ಎರಡಿದ್ದವು: ಲಾರಿಯಲ್ಲಿ ನೆಲ್ಲು ಕಳಿಸಿದ ರೈತರ ಖಾತೆಗಳದೊಂದು, ಅವರ ಹಿಂದಿನ ತೀರದ ಚೀಟಿಗಳದೊಂದು. ಒಂದು ಪಟ್ಟಿ ೧ರಿಂದ ೨೦ರವರೆಗೆ, ಇನ್ನೊಂದು ೧ರಿಂದ ೩೦೦ರವರೆಗೆ ಬೆಳೆಯಬಲ್ಲುದೆಂದಿಟ್ಟುಕೊಳ್ಳಿ. ೨೦ನ್ನು ೩೦೦ರಿಂದ ಗುಣಿಸಿದರೆ ೬೦೦೦ ಆಕಾರ. ಒಂದೇ ಕೆಲಸ ಆರು ಸಾವಿರ ಹೆಸರುಗಳಲ್ಲಿ ಹಂಚಿಹೋಗಿ, ಪ್ರತಿಯೊಂದೂ ಬಡಪಾಯಿಯಂತೆ ಪಟ್ಟಿಯ ಕೆಳಗೆ ಕುಳಿತಿತ್ತು.

ಅಷ್ಟೇ ಆಗಿದ್ದರೆ ಕೂಡಿಸಿಯಾದರೂ ನೋಡಬಹುದಾಗಿತ್ತು. ಆದರೆ ಈ ಲೆಕ್ಕದ ಪುಸ್ತಕದ ಹಾಳೆಗಳಿಗೆ ಮಿತಿಯುಂಟು. ನಾವಾಗಿ ಬದಲಿಸದಿದ್ದರೆ ೫೦೦೦. ಅದು ತುಂಬಿತೆಂದರೆ ಅತಿ ಕಡಿಮೆ ಸಲ ಬಂದವುಗಳ ಹಾಳೆಗಳನ್ನು ಕಿತ್ತೆಸೆದು ಹೊಸಬರಿಗೆ ಜಾಗ ಮಾಡುತ್ತದೆ. ಕಿತ್ತ ಹಾಳೆಯ ಮೊತ್ತ ಎಲ್ಲಿಯೂ ಉಳಿಯುವುದಿಲ್ಲ; ಆ ಆಕಾರ ಮತ್ತೆ ಬಂದರೆ ಲೆಕ್ಕ ಸೊನ್ನೆಯಿಂದ ಮೊದಲಾಗುತ್ತದೆ. ಚೀಟಿಯ ದುಡಿಮೆ ಹೀಗೆ ದಿನದಿನವೂ ಅಳಿಸಿಹೋಗುತ್ತಿತ್ತು. ದಿನಕ್ಕೊಮ್ಮೆ ಒಂದೇ ಆಕಾರದಲ್ಲಿ ಬರುತ್ತಿದ್ದ ಬಾಕಿ ವರದಿಯದು ಮಾತ್ರ ಉಳಿದು ಬೆಳೆಯುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದ ನಮ್ಮ ಮಾವನಂಥವರೇ ಸಿಕ್ಕಿಬೀಳುವುದು ಲೋಕರೂಢಿ ತಾನೆ!

ಇನ್ನೊಂದು ಸಂಗತಿ ನನ್ನನ್ನು ಇನ್ನೂ ಯೋಚನೆಗೆ ಹಚ್ಚಿದೆ. ಮುಗಿಯದೆ ನಡುವೆ ನಿಂತುಹೋದ ಕ್ವೆರಿ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಕಾಟಾದ ಹುಡುಗ ಕಾದು ಬೇಸತ್ತು ರದ್ದು ಮಾಡಿದ ಚೀಟಿಗಳು, ಅಂದರೆ ಅತಿ ಹೆಚ್ಚು ತಡವಾದವು ಯಾವುವೋ ಅವೇ, ಪಟ್ಟಿಯಲ್ಲಿ ಇರಲಿಲ್ಲ. ನಡುವೆ ಕಾಲೇಜು ಬಿಟ್ಟವರನ್ನು ಕೈಬಿಟ್ಟು ಪರೀಕ್ಷೆಗೆ ಕುಳಿತವರಲ್ಲಿ ಮಾತ್ರ ಶೇಕಡಾವಾರು ತೆಗೆದ ಹಾಗೆ. ಇದರ ಎದುರು ದಿಕ್ಕಿನ ತಪ್ಪನ್ನೂ ನಾವು ಮಾಡಿದೆವು. ಫಂಕ್ಷನುಗಳ ಒಳಗಿನ ಕ್ವೆರಿಗಳನ್ನೂ ಎಣಿಸೆಂದು ಯಂತ್ರಕ್ಕೆ ಹೇಳಿ, ಬಂದುದನ್ನೆಲ್ಲ ಕೂಡಿದೆವು. ಹೊರಗಿನದರ ಹೊತ್ತಿನಲ್ಲಿ ಒಳಗಿನದರ ಹೊತ್ತು ಆಗಲೇ ಸೇರಿರುತ್ತದೆಂಬುದು ಆಮೇಲೆ ಹೊಳೆಯಿತು. ರೋಜು ಕೀರ್ದಿಯ ಮೊತ್ತವನ್ನೂ ಖಾತೆಯ ಮೊತ್ತವನ್ನೂ ಕೂಡಿ ದುಪ್ಪಟ್ಟು ವ್ಯಾಪಾರ ತೋರಿಸಿದಂತಾಗಿತ್ತು.

ಯಾವುದನ್ನು ಒಂದು ಎಂದು ಎಣಿಸಬೇಕು ಎಂಬುದು ಯಂತ್ರ ಹುಟ್ಟುವ ಮೊದಲೇ ಇದ್ದ ಪ್ರಶ್ನೆ. ೧೮೦೦ರಿಂದ ೧೮೦೭ರವರೆಗೆ ಬಳ್ಳಾರಿಯೂ ಸೇರಿದ ದತ್ತಮಂಡಲಗಳಿಗೆ ಪ್ರಧಾನ ಕಲೆಕ್ಟರಾಗಿದ್ದ ಥಾಮಸ್ ಮನ್ರೋ, ಊರನ್ನು ಒಂದೆಂದು ಹಿಡಿಯದೆ ಹೊಲಹೊಲವನ್ನೂ ಅಳೆಸಿದುದನ್ನು ಇತಿಹಾಸದ ತರಗತಿಯಲ್ಲಿ ಓದುತ್ತೇವೆ. ಎಣಿಕೆಯ ಘಟಕ ಬದಲಾದೊಡನೆ ಕಂದಾಯ ಕೊಡುವ ಆಸಾಮಿಯೇ ಬದಲಾದ. ೨೦೧೧ರ ಜನಗಣತಿಯಲ್ಲಿ ನೀಲಗಿರಿಯ ಬಡಗ ನುಡಿಯನ್ನು ಕನ್ನಡದ ಕೆಳಗೆ ಸೇರಿಸಿ ಎಣಿಸಿದ್ದಾರೆ; ಅದನ್ನು ಬೇರೆ ಬರೆದರೆ ಕನ್ನಡಿಗರ ಸಂಖ್ಯೆ ಬೇರೆ. ಇವುಗಳಲ್ಲಿ ಯಾವುದು ಸರಿ ಎಂಬ ಚರ್ಚೆಗೆ ನಾನು ಇಳಿಯಲಾರೆ. ಗುಂಪು ಮಾಡಿದ್ದು ಹೇಗೆಂದು ಕೇಳದೆ ಮೊತ್ತವನ್ನು ಒಪ್ಪಬಾರದೆಂದು ನಮ್ಮ ಅಧ್ಯಾಪಕರು ಕಲಿಸಿದ ಪಾಠವು ಗಣಕದ ಕೋಣೆಯೊಳಗೂ ಸಲ್ಲುತ್ತದೆಂದಷ್ಟೇ ನನ್ನ ವಾದ.

ಪರಿಹಾರ ಬಲು ಸರಳವಾಗಿತ್ತು. ಪಟ್ಟಿಯ ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಕಳಿಸುವುದನ್ನು ಬಿಟ್ಟು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದಂತೆ ಒಂದು ಅರೇ ಆಗಿ ಕಳಿಸುವಂತೆ ತರುಣ ತಂತ್ರಾಂಶವನ್ನು ತಿದ್ದಿದ. ಚೀಲದೊಳಗೆ ಮೂರಿರಲಿ ಮುನ್ನೂರಿರಲಿ, ಹೊರಗಿನ ಆಕಾರ ಒಂದೇ. ಹಳೆಯ ಲೆಕ್ಕವನ್ನು ಅಳಿಸಿ, ಅಳಿಸಿದ ತಾರೀಖನ್ನು ಬರೆದಿಟ್ಟು, ಒಂದು ವಾರ ಕಾದ. ಹಾಳೆ ಕಿತ್ತ ಪ್ರಸಂಗಗಳು ಎಷ್ಟೆಂದು ತೋರಿಸುವ ಒಂದು ಅಂಕಣವೂ ೨೦೨೧ರ ೧೪ನೆಯ ಆವೃತ್ತಿಯಿಂದ ಇದೆ. ಅದುವರೆಗೆ ಅವನು ಅದನ್ನು ತೆರೆದೇ ನೋಡಿರಲಿಲ್ಲ. ಪೋಸ್ಟ್‌ಗ್ರೆಸ್ ರಚಿಸುವವರೂ ಈ ಕುಂದನ್ನು ಮನಗಂಡು, ೨೦೨೫ರ ಸೆಪ್ಟೆಂಬರಿನಲ್ಲಿ ಬಂದ ೧೮ನೆಯ ಆವೃತ್ತಿಯಲ್ಲಿ ಇಂಥ ಸಂಖ್ಯೆಗಳ ಪಟ್ಟಿ ಎಷ್ಟೇ ಉದ್ದವಿದ್ದರೂ ಒಂದೇ ಎಂದು ಎಣಿಸುವಂತೆ ಮಾಡಿದ್ದಾರೆ. ಗಿರಣಿಯಲ್ಲಿದ್ದುದು ಅದಕ್ಕೂ ಹಳೆಯದು.

ವಾರ ಕಳೆದು ನೋಡಿದರೆ ಚೀಟಿಯ ಕ್ವೆರಿ ಪಟ್ಟಿಯ ನೆತ್ತಿಯ ಮೇಲಿತ್ತು. ಬಾಕಿ ವರದಿ ಎಲ್ಲಿಯೋ ಕೆಳಗೆ. ಕಾರಣವನ್ನು ಹುಡುಕಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಚೀಟಿಗಳ ಕೋಷ್ಟಕದಲ್ಲಿ ಖಾತೆಯ ಅಂಕಣಕ್ಕೆ ಇಂಡೆಕ್ಸ್ ಇರಲಿಲ್ಲ. ಪುಸ್ತಕದ ಕೊನೆಯ ಪದಸೂಚಿಯಿಲ್ಲದೆ ಒಂದು ಹೆಸರಿಗಾಗಿ ಪುಟಪುಟವನ್ನೂ ತಿರುವಿ ಹಾಕುವಂತೆ, ಯಂತ್ರ ಪ್ರತಿ ಲಾರಿಗೂ ಇಡೀ ಕೋಷ್ಟಕವನ್ನು ಓದುತ್ತಿತ್ತು. ಇಂಡೆಕ್ಸ್ ಕಟ್ಟಿದ ಮೇಲೆ ಲಾರಿ ಕಾಟಾ ಇಳಿಯುವಷ್ಟರಲ್ಲಿ ಚೀಟಿ ಸಿದ್ಧ. ದೊಡ್ಡ ಯಂತ್ರದ ಮಾತು ಅಲ್ಲಿಗೇ ನಿಂತಿತು.

ಇದನ್ನು ಓದಿದ ಸ್ನೇಹಿತನೊಬ್ಬ, "ಲೆಕ್ಕ ಅಂದಾಜಿಗಿದ್ದರೆ ಸಾಲದೇ? ಎಲ್ಲವನ್ನೂ ಎಣಿಸುತ್ತ ಕುಳಿತರೆ ಅದಕ್ಕೂ ಹೊತ್ತು ಬೇಡವೇ?" ಎಂದ. ಎಣಿಸುವುದಕ್ಕೂ ಬೆಲೆಯುಂಟು, ಒಪ್ಪುತ್ತೇನೆ. ಯಂತ್ರ ಹಾಳೆಗಳಿಗೆ ಮಿತಿ ಇಟ್ಟುಕೊಂಡಿರುವುದೂ ಆ ಕಾರಣಕ್ಕೇ. ಅಂದಾಜು ಲೆಕ್ಕಕ್ಕೆ ನನ್ನ ಆಕ್ಷೇಪಣೆಯಿಲ್ಲ. ಅಂದಾಜನ್ನು ಕರಾರುವಾಕ್ಕೆಂದು ಮುಂದಿಟ್ಟು ಒಬ್ಬ ಗುಮಾಸ್ತರ ಮಾನ ಕಳೆಯುವುದಕ್ಕೆ ಇದೆ. ಇಲ್ಲಿ ತಪ್ಪು ಒಂದೇ ಕಡೆಗೆ ವಾಲಿತ್ತೆಂಬುದನ್ನೂ ನೆನೆಯಬೇಕು: ರೂಪ ಬದಲಿಸುತ್ತ ಬಂದದ್ದು ಪಾರಾಯಿತು, ಬದಲಿಸದೆ ಬಂದದ್ದು ಹೊರೆ ಹೊತ್ತಿತು.

ಗಿರಣಿಯೊಂದರ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ೨೦೦೦ದ ಸುಮಾರಿಗೆ ನಮ್ಮ ರಾಜ್ಯದ 'ಭೂಮಿ' ಯೋಜನೆ ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳನ್ನು ಡೇಟಾಬೇಸಿಗೆ ಏರಿಸಿತು. ೧೫ ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಪಡೆದುದನ್ನು ನಮ್ಮ ಮನೆಗಳ ಹಿರಿಯರು ಇಂದಿಗೂ ಹೇಳುತ್ತಾರೆ. ಮೊದಲು ಬಂದ ಅರ್ಜಿ ಮೊದಲು ತೀರಬೇಕೆಂಬ ನಿಯಮವನ್ನು ಆ ತಂತ್ರಾಂಶದೊಳಗೇ ಕಟ್ಟಿದ್ದು ನಮ್ಮ ಆಡಳಿತದಲ್ಲಿ ದೊಡ್ಡ ಹೆಜ್ಜೆ. ಹೊಲ, ಪಡಿತರ, ವಿದ್ಯಾರ್ಥಿವೇತನ ಎಲ್ಲವೂ ಹೀಗೆ ಕೋಷ್ಟಕಗಳಿಗೆ ಹೋಗಿರುವ ಕಾಲದಲ್ಲಿ, ಎಲ್ಲಿ ತಡವಾಗುತ್ತಿದೆ, ಯಾರಿಂದ ಎಂಬ ಪ್ರಶ್ನೆಗೆ ಮೊದಲ ಉತ್ತರ ಕೊಡುವುದು ಇಂಥ ಎಣಿಕೆಯ ಅಂಗಗಳೇ. ಅವುಗಳ ಮುಂದೆ ಕುಳಿತು, 'ನೀನು ಯಾವುದನ್ನು ಒಂದೆಂದು ಎಣಿಸಿದೆ, ಯಾವುದನ್ನು ಎಸೆದೆ, ಯಾವುದನ್ನು ಬರೆದೇ ಇಲ್ಲ?' ಎಂದು ಕೇಳಬಲ್ಲ ಕಲಾ ಪದವೀಧರರು ಪ್ರತಿ ಕಚೇರಿಯಲ್ಲಿಯೂ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಬೇಕಾದಷ್ಟು ಗಣಕಜ್ಞಾನವನ್ನು ಒಂದು ರಜೆಯಲ್ಲಿ ಕಲಿಯಬಹುದು. ನಾನು ಕಲಿತದ್ದೂ ಅಷ್ಟರಲ್ಲಿಯೇ.

ಮಾವನಿಗೆ ಯಾರೂ ತಪ್ಪಾಯಿತೆಂದು ಹೇಳಲಿಲ್ಲ. ಸಾಹುಕಾರರು ಮಾತ್ರ ಒಂದು ದಿನ ಅವರನ್ನು ಕರೆದು, ವರದಿಯನ್ನು ಯಾವ ಹೊತ್ತಿನಲ್ಲಾದರೂ ತೆಗೆಯಿರಿ ಎಂದರಂತೆ. ಹಾಳೆ ಕಿತ್ತ ಲೆಕ್ಕದ ಅಂಕಣವನ್ನು ತೆರೆದು ನೋಡುವ ಬಗೆಯನ್ನು ತರುಣ ಮಾವನಿಗೂ ಹೇಳಿಕೊಟ್ಟಿದ್ದಾನೆ. ಪ್ರತಿ ಶನಿವಾರ ಸಂಜೆ ಅವರು ಆ ಸಂಖ್ಯೆಯನ್ನು ತಮ್ಮ ಕೆಂಪು ಬಟ್ಟೆಯ ಖಾತೆ ಪುಸ್ತಕದ ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆಯುತ್ತಾರೆ. ಹೋದ ವಾರ ನಾನು ನೋಡಿದಾಗ ಒಂದರ ಕೆಳಗೊಂದು ಹನ್ನೊಂದು ಸೊನ್ನೆಗಳಿದ್ದವು.