ಪರದೆಯ ಮೇಲೆ ಯಾರ ಮನೆ?

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಚಿತ್ರೀಕರಣಗೊಂಡದ್ದು ಎಲ್ಲಿ ಎಂದು ಕೇಳಿದರೆ ಹೆಚ್ಚಿನವರು ಬೆಂಗಳೂರು ಎನ್ನುತ್ತಾರೆ, ಕೆಲವರು ಮೈಸೂರು ಎನ್ನುತ್ತಾರೆ. ಅದು ತಯಾರಾದದ್ದು ನಮ್ಮ ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡ ಆ ಚಿತ್ರದ ನಿರ್ದೇಶಕ ವೈ.ವಿ. ರಾವ್ ನೆಲ್ಲೂರಿನವರು. ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು ಅಭಿನಯಿಸಿದರು. ಕನ್ನಡ ಸಿನೆಮಾ ಮೊತ್ತಮೊದಲು ಮಾತು ಕಲಿತದ್ದು ಮರಾಠಿ ನೆಲದಲ್ಲಿ ಎಂದಾಯಿತು.

ಗಡಿನಾಡಿನ ನಮಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಒಂದೇ ಓಣಿಯ ಮಕ್ಕಳು ಕನ್ನಡ, ಮರಾಠಿ, ಉರ್ದು ಹೀಗೆ ಮೂರು ಮಾಧ್ಯಮದ ಶಾಲೆಗಳಿಗೆ ಹೋಗುತ್ತಾರೆ. ಸ್ವಾತಂತ್ರ್ಯಕ್ಕೆ ಮುಂಚೆ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಕಾಗವಾಡದವರಿಗೆ ಆಸ್ಪತ್ರೆ, ಪೇಟೆ ಎಂದರೆ ಇಂದಿಗೂ ಮಿರಜ. ಬಾಬುರಾವ್ ಪೇಂಟರರ ಮಹಾರಾಷ್ಟ್ರ ಫಿಲ್ಮ್ ಕಂಪೆನಿ ಕೊಲ್ಹಾಪುರದ್ದು. 1929ರಲ್ಲಿ ಪ್ರಭಾತ್ ಸಂಸ್ಥೆ ಹುಟ್ಟಿದ್ದೂ ಅಲ್ಲಿಯೇ. ಅದು ಪುಣೆಗೆ ಹೋದದ್ದು 1933ರಲ್ಲಿ. ಹೀಗಾಗಿ ನಮ್ಮ ಹಿರಿಯರು ಮರಾಠಿ ಸಿನೆಮಾವನ್ನೂ ನಮ್ಮದೇ ಎಂದುಕೊಂಡು ನೋಡಿದರು, ಕನ್ನಡದ್ದನ್ನೂ ನೋಡಿದರು, ಹಿಂದಿಯನ್ನಂತೂ ಎಲ್ಲರೂ ನೋಡಿದರು.

ಆದರೆ ಇಷ್ಟೆಲ್ಲ ನೋಡಿದ ನಾವು ಆ ಪರದೆಯ ಮೇಲೆ ನಮ್ಮ ಮನೆಯನ್ನು ಎಂದಾದರೂ ಕಂಡಿದ್ದೇವೆಯೇ? ಬೆಂಗಳೂರಿನ ಸಿನೆಮಾದಲ್ಲಿ ನಮ್ಮ ಭಾಗದ ಕನ್ನಡವೇ ಬಹುಪಾಲು ನಗೆಯ ಸರಕು. ಅದರಲ್ಲೊಬ್ಬ ಮುಸ್ಲಿಮ್ ಪಾತ್ರ ಬಂದರೆ ಗಡ್ಡ, ಜಾಲಿ ಟೋಪಿ, 'ನಮ್ದುಕೆ ನಿಮ್ದುಕೆ' ಎಂಬ ಹರಕು ಭಾಷೆ. ಅಂದರೆ ಚಿಕ್ಕೋಡಿಯ ಮುಸ್ಲಿಮನು ಎರಡೆರಡು ಸಲ ನಗೆಗೀಡಾಗುತ್ತಾನೆ. ಹಿಂದಿಯಲ್ಲಿ ಒಂದೋ ಅವನು ನವಾಬ, ಇಲ್ಲವೇ ಭಯೋತ್ಪಾದಕ. ಬೆಳಗಿನಿಂದ ಸಂಜೆಯವರೆಗೆ ಬೀಡಿ ಕಟ್ಟಿ, ರಾತ್ರಿ ಮಕ್ಕಳ ಫೀಸಿನ ಲೆಕ್ಕ ಹಾಕುವ ನಮ್ಮ ಖಾಲಾಗಳಿಗೆ ಅಲ್ಲಿ ಜಾಗವಿಲ್ಲ.

ಇದು ನಮ್ಮೊಬ್ಬರ ಗೋಳಲ್ಲ. ಇದೇ ಪ್ರಶ್ನೆಯನ್ನು ಕೇಳಿಕೊಂಡು, ಅದಕ್ಕೆ ತನ್ನದೇ ಉತ್ತರ ಹುಡುಕಿದ ಒಂದು ದೇಶವಿದೆ. ಅದು ಆಫ್ರಿಕದ ನೈಜೀರಿಯಾ.

ಕ್ಯಾಸೆಟ್ಟಿನಲ್ಲಿ ಬಂದ ಸಿನೆಮಾ

1980ರ ದಶಕದಲ್ಲಿ ನೈಜೀರಿಯಾದ ಆರ್ಥಿಕತೆ ಕುಸಿಯಿತು. ನಾಣ್ಯದ ಬೆಲೆ ಇಳಿದು ಫಿಲ್ಮ್ ರೀಲು ಕೈಗೆಟುಕದಾಯಿತು. ರಾತ್ರಿ ಹೊತ್ತು ಬೀದಿಯಲ್ಲಿ ಓಡಾಡುವುದೇ ಅಪಾಯಕರವಾದ್ದರಿಂದ ಟಾಕೀಸುಗಳು ಖಾಲಿಯಾದವು. ಜನ ಮನೆಯಲ್ಲೇ ಕುಳಿತು ವಿಸಿಆರ್ ನೋಡತೊಡಗಿದರು. ಆಗ ಕೆನೆತ್ ನೆಬ್ಯೂ ಎಂಬ ಕ್ಯಾಸೆಟ್ ವ್ಯಾಪಾರಿ 1992ರಲ್ಲಿ 'ಲಿವಿಂಗ್ ಇನ್ ಬಾಂಡೇಜ್' ಎಂಬ ಕಥೆಯನ್ನು ಇಗ್ಬೊ ಭಾಷೆಯಲ್ಲಿ, ಸಾದಾ ವೀಡಿಯೋದಲ್ಲಿ ಚಿತ್ರಿಸಿ ನೇರವಾಗಿ ಕ್ಯಾಸೆಟ್ ರೂಪದಲ್ಲಿ ಮಾರುಕಟ್ಟೆಗೆ ಬಿಟ್ಟ. ಮಾರಾಟವಾಗದೆ ಉಳಿದ ಖಾಲಿ ಕ್ಯಾಸೆಟ್ಟುಗಳನ್ನು ಖರ್ಚು ಮಾಡಲೆಂದೇ ಹಾಗೆ ಮಾಡಿದ ಎಂಬ ಮಾತು ಅಲ್ಲಿ ಪ್ರಚಲಿತ. ಹಣದಾಸೆಗೆ ಹೆಂಡತಿಯನ್ನೇ ಬಲಿ ಕೊಡುವ ಗಂಡನ ಕಥೆ ಅದು. ಜನ ಮುಗಿಬಿದ್ದರು.

ದೊಡ್ಡ ಸ್ಟುಡಿಯೋ ಇಲ್ಲ, ಸರಕಾರದ ಸಹಾಯಧನವಿಲ್ಲ. ಬಾಡಿಗೆ ಮನೆಯಲ್ಲಿ ಕೆಲವೇ ದಿನಗಳ ಚಿತ್ರೀಕರಣ, ಸಂತೆಯಲ್ಲಿ ಮಾರಾಟ. ನಮ್ಮ ನಾಟಕ ಕಂಪೆನಿಗಳಂತೆ ಊರೂರು ಸುತ್ತುತ್ತಿದ್ದ ಯೊರೂಬಾ ತಂಡಗಳೂ ವೀಡಿಯೋದ ಕಡೆಗೆ ಬಂದವು. 2006ರಲ್ಲಿ ಭಾರತ 1,091 ಚಿತ್ರಗಳನ್ನು ತಯಾರಿಸಿದರೆ ನೈಜೀರಿಯಾ 872 ಚಿತ್ರಗಳನ್ನು ತಯಾರಿಸಿತು. ಅಮೆರಿಕ 485ರಲ್ಲೇ ಉಳಿಯಿತು. ಇದು ಯುನೆಸ್ಕೋ 2009ರಲ್ಲಿ ಪ್ರಕಟಿಸಿದ ಲೆಕ್ಕ.

ಚಿತ್ರಗಳು ಹೆಚ್ಚಿದಂತೆ ವಾದಗಳೂ ಹೆಚ್ಚಿದವು. ಮಾಟ-ಮಂತ್ರ, ದುಡ್ಡಿನ ಹುಚ್ಚು ಇವನ್ನೇ ತೋರಿಸಿ ನಮ್ಮ ದೇಶದ ಮಾನ ಕಳೆಯುತ್ತಿದ್ದೀರಿ ಎಂದರು ಕೆಲವರು. 'ನಾಲಿವುಡ್' ಎಂಬ ಹೆಸರು 2002ರಲ್ಲಿ ಅಮೆರಿಕದ ಪತ್ರಿಕೆಯೊಂದರಿಂದ ಹರಡಿದಾಗ, ನಮ್ಮ ಸಿನೆಮಾಕ್ಕೆ ಹಾಲಿವುಡ್ಡಿನ ಎಂಜಲು ಹೆಸರೇಕೆ ಎಂದರು ಇನ್ನು ಕೆಲವರು. 2019ರಲ್ಲಿ 'ಲಯನ್‌ಹಾರ್ಟ್' ಚಿತ್ರವನ್ನು ನೈಜೀರಿಯಾ ಆಸ್ಕರ್‌ಗೆ ಕಳುಹಿಸಿತು. ಅದರ ಮಾತುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ ಎಂಬ ಕಾರಣಕ್ಕೆ ವಿದೇಶಿ ಚಿತ್ರಗಳ ವಿಭಾಗದಿಂದ ಅದನ್ನು ಕೈಬಿಡಲಾಯಿತು. ನೂರಾರು ಭಾಷೆಗಳ ದೇಶದಲ್ಲಿ ಇಂಗ್ಲಿಷು ಎಲ್ಲರನ್ನೂ ಬೆಸೆಯುವ ಭಾಷೆ, ಅದನ್ನು ನಾವು ಬೇಡಿ ತಂದದ್ದಲ್ಲ, ನಮ್ಮ ಮೇಲೆ ಹೇರಿದ್ದು ಎಂದು ಅಲ್ಲಿಯವರು ಕೇಳಿದ್ದರಲ್ಲಿ ನ್ಯಾಯವಿತ್ತು. ಒಬ್ಬನ ಮನೆಮಾತು ಯಾವುದೆಂದು ದೂರದ ಸಮಿತಿ ತೀರ್ಮಾನಿಸುವ ನೋವು ಗಡಿನಾಡಿನವರಿಗೆ ಬೇಗ ಅರ್ಥವಾಗುತ್ತದೆ.

ಕಾನೋ ನಗರದ ಪಾಠ

ನಮಗೆ ಹೆಚ್ಚು ಹತ್ತಿರವಾಗುವುದು ಆ ದೇಶದ ಉತ್ತರ ಭಾಗದ ಕಥೆ. ಅಲ್ಲಿಯ ಕಾನೋ ನಗರದಲ್ಲಿ ಹೌಸಾ ಭಾಷೆಯ ಮುಸ್ಲಿಮರೇ ಬಹುಸಂಖ್ಯಾತರು. ಅಲ್ಲಿಯ ಟಾಕೀಸುಗಳಲ್ಲಿ ಲೆಬನಾನಿನ ವ್ಯಾಪಾರಿಗಳು ದಶಕಗಳ ಕಾಲ ಹಿಂದಿ ಚಿತ್ರಗಳನ್ನು ತೋರಿಸಿದರು. ಹಿಂದಿಯ ಒಂದಕ್ಷರ ತಿಳಿಯದ ಜನ ಅವನ್ನು ಮೆಚ್ಚಿ ನೋಡಿದರು. ಹಿರಿಯರಿಗೆ ತಲೆಬಾಗುವುದು, ಕೂಡು ಕುಟುಂಬ, ಮೈತುಂಬ ಬಟ್ಟೆ, ಹೆತ್ತವರ ಮಾತಿಗೂ ಮನಸ್ಸಿನ ಆಸೆಗೂ ನಡುವಿನ ಜಗ್ಗಾಟ ಇವೆಲ್ಲ ಅಮೆರಿಕದ ಚಿತ್ರಗಳಿಗಿಂತ ಅವರ ಮನೆಗೆ ಹತ್ತಿರವಾಗಿ ಕಂಡವು.

1990ರ ಹೊತ್ತಿಗೆ ಹೌಸಾ ವೀಡಿಯೋ ಚಿತ್ರಗಳು ಆರಂಭವಾದಾಗ ಹಿಂದಿಯ ಹಾಡು-ಕುಣಿತವೂ ಅವುಗಳೊಳಗೆ ಬಂತು. ಇದು ಹೌಸಾ ಸಂಸ್ಕೃತಿಯಲ್ಲ, ಇಸ್ಲಾಮಿನ ನಡತೆಯೂ ಅಲ್ಲ ಎಂದು ಉಲಮಾಗಳೂ ಹಿರಿಯರೂ ಆಕ್ಷೇಪಿಸಿದರು. 2000ದಲ್ಲಿ ಕಾನೋ ರಾಜ್ಯ ಶರೀಅತ್ ಕಾನೂನನ್ನು ಜಾರಿಗೆ ತಂದಿತು. ಆ ವರ್ಷದ ಕೊನೆಗೆ ಚಿತ್ರ ತಯಾರಿಕೆಗೆ ನಿಷೇಧ ಬಿತ್ತು. ಸಾವಿರಾರು ಯುವಕರ ಹೊಟ್ಟೆಪಾಡಿನ ಪ್ರಶ್ನೆ ಎದ್ದಿತು. ಕೊನೆಗೆ 2001ರಲ್ಲಿ ರಾಜ್ಯದ್ದೇ ಒಂದು ಸೆನ್ಸಾರ್ ಮಂಡಳಿ ರಚಿಸಿ ರಾಜಿಯಾಯಿತು. 2007ರಲ್ಲಿ ನಟಿಯೊಬ್ಬಳ ಖಾಸಗಿ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದಾಗ ಮತ್ತೆ ಆರು ತಿಂಗಳು ಇಡೀ ಉದ್ಯಮವೇ ಸ್ಥಗಿತವಾಯಿತು. ಒಬ್ಬ ಹೆಣ್ಣುಮಗಳ ಮಾನ ಬೀದಿಪಾಲಾದದ್ದಕ್ಕೆ ದಂಡ ತೆತ್ತವರು ಬೆಳಕು ಹಿಡಿಯುವವರು, ಬಟ್ಟೆ ಹೊಲಿಯುವವರು, ಕ್ಯಾಸೆಟ್ ಮಾರುವವರು. ಆ ದೃಶ್ಯವನ್ನು ಹಂಚಿ ಚಪ್ಪರಿಸಿದ ಗಂಡಸರ ಮೇಲೆ ಅಂಥ ಗದ್ದಲವಾಗಲಿಲ್ಲ.

ಈ ಕಥೆಯಲ್ಲಿ ನಮ್ಮ ಸಹೋದರಿಯರು ಗಮನಿಸಬೇಕಾದ ಇನ್ನೊಂದು ಎಳೆಯಿದೆ. ಹೌಸಾ ಚಿತ್ರಗಳ ಬೇರು ಅಲ್ಲಿಯ ಅಗ್ಗದ ಕಾದಂಬರಿಗಳಲ್ಲಿತ್ತು, ಅವನ್ನು ಬರೆದವರಲ್ಲಿ ಅನೇಕರು ಮಹಿಳೆಯರು. ಬಲರಾಬಾ ರಮತ್ ಯಾಕೂಬು ಅವರಲ್ಲೊಬ್ಬರು. ಎಳೆ ವಯಸ್ಸಿನಲ್ಲೇ ಮದುವೆಯಾಗಿ, ಮುಂದೆ ಓದು ಕಲಿತು, ಬಾಲ್ಯವಿವಾಹ ಮತ್ತು ಬಹುಪತ್ನಿತ್ವದ ಹೆಸರಿನಲ್ಲಿ ನಡೆಯುವ ಅನ್ಯಾಯದ ಬಗ್ಗೆ ಹೌಸಾದಲ್ಲಿ ಬರೆದರು. ಅವರ ಕಾದಂಬರಿಯೊಂದು ಸಿನೆಮಾ ಆಯಿತು. 2012ರಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದ್ದು ನಮ್ಮ ನೆರೆಯ ಚೆನ್ನೈನ ಬ್ಲಾಫ್ಟ್ ಎಂಬ ಸಣ್ಣ ಪ್ರಕಾಶನ. ಹಿಂದಿ ಚಿತ್ರ ನೋಡಿ ಬೆಳೆದ ನಾಡಿನ ಕಥೆ ಕೊನೆಗೆ ಭಾರತಕ್ಕೇ ಬಂದು ಅಚ್ಚಾಯಿತು.

ನಮ್ಮ ಕಥೆ ಹೇಳಿದವರು

ಕನ್ನಡದಲ್ಲೂ ಇದಕ್ಕೆ ಸಾಟಿಯಿದೆ. ಬಾನು ಮುಷ್ತಾಕರ 'ಕರಿ ನಾಗರಗಳು' ಕಥೆಯನ್ನು ಗಿರೀಶ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಮಾಡಿದರು, ನಟಿ ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ವೈದೇಹಿಯವರ ಕಥೆ ಆಧರಿಸಿದ 'ಗುಲಾಬಿ ಟಾಕೀಸು' 2008ರದ್ದು. ಸಿನೆಮಾ ಹುಚ್ಚಿನ ಮುಸ್ಲಿಮ್ ಸೂಲಗಿತ್ತಿ ಗುಲಾಬಿಯ ಪಾತ್ರಕ್ಕೆ ಉಮಾಶ್ರೀಯವರೂ ಆ ಗೌರವ ಪಡೆದರು. ಬಾನು ಮುಷ್ತಾಕರು 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದದ್ದು ಎಲ್ಲರಿಗೂ ಗೊತ್ತು. ಬ್ಯಾರಿ ಭಾಷೆಯ ಮೊದಲ ಚಿತ್ರ 'ಬ್ಯಾರಿ' 2011ನೇ ಸಾಲಿನ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಮರಾಠಿಯ 'ದೇವುಳ್' ಜೊತೆ ಹಂಚಿಕೊಂಡಿತು. ಅದು ತಲಾಕಿನ ವಿಷಯವನ್ನು ತೋರಿಸಿದ ರೀತಿಯ ಬಗ್ಗೆ ಚರ್ಚೆ ಎದ್ದಿತು. ಇದು ನನ್ನ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ಕಥೆಯೇ ಎಂದು ಸಾರಾ ಅಬೂಬಕ್ಕರ್ ನ್ಯಾಯಾಲಯಕ್ಕೂ ಹೋದರು. ಕಥೆ ಯಾರದು, ಅದನ್ನು ಹೇಳುವ ಹಕ್ಕು ಯಾರದು ಎಂಬುದು ಬರಿಯ ಪುಸ್ತಕದ ಪ್ರಶ್ನೆಯಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇವೆಲ್ಲ ಕರಾವಳಿ, ಹಾಸನದ ಕಡೆಯ ಮಾತಾಯಿತು. ನಮ್ಮ ಗಡಿಯ ತಾಲೂಕುಗಳಲ್ಲಿ? ಇಲ್ಲಿಯೂ ಒಂದು ಚಿತ್ರವಿದೆ. ನಮ್ಮಲ್ಲಿ ಅದನ್ನು ನೋಡಿದವರು ವಿರಳ. 1982ರಲ್ಲಿ ಬೆಂಗಳೂರಿನ 'ಯುಗಾಂತರ' ಎಂಬ ಮಹಿಳಾ ಚಿತ್ರತಂಡ ನಿಪ್ಪಾಣಿಗೆ ಬಂದು ತಂಬಾಕು ಕಾರ್ಖಾನೆಯ ಹೆಣ್ಣುಮಕ್ಕಳ ಜೊತೆ ನಾಲ್ಕು ತಿಂಗಳು ಕಳೆಯಿತು. ದೀಪಾ ಧನರಾಜ್ ತಂಡದಲ್ಲಿದ್ದರು, ಕ್ಯಾಮೆರಾ ನವ್ರೋಜ್ ಕಾಂಟ್ರಾಕ್ಟರರದು. ಮರಾಠಿ ಹೆಸರಿನ, ಅರ್ಧ ತಾಸಿಗೂ ಕಡಿಮೆ ಅವಧಿಯ ಆ ಚಿತ್ರ 'ತಂಬಾಖೂ ಚಾಕಿಲಾ ಊಬ್ ಆಲಿ'. ಹೊರಗಿನವರು ಕಾಲಿಡದ ಕಾರ್ಖಾನೆಯ ಒಳಗೆ ಹೋಗಿ, ತಂಬಾಕಿನ ಧೂಳಿನ ನಡುವೆ ದುಡಿಯುವ ಹೆಣ್ಣುಮಕ್ಕಳ ಮುಖಗಳನ್ನು ತೋರಿಸಿತು. ಕೂಲಿ, ಬೈಗುಳ, ಸಂಘ ಕಟ್ಟಿದ ಬಗೆ ಎಲ್ಲವನ್ನೂ ಅವರೇ ಹೇಳಿದರು. ಈಚೆಗೆ ಅದನ್ನು ಜತನದಿಂದ ಡಿಜಿಟಲ್ ರೂಪಕ್ಕೆ ತಂದದ್ದು ಜರ್ಮನಿಯ ಬರ್ಲಿನ್‌ನಲ್ಲಿರುವ ಆರ್ಸೆನಾಲ್ ಸಂಸ್ಥೆ. ನಿಪ್ಪಾಣಿಯ ನೆನಪು ಬರ್ಲಿನ್‌ನಲ್ಲಿ ಜೋಪಾನವಾಗಿದೆ, ನಿಪ್ಪಾಣಿಯ ಶಾಲೆಗಳಲ್ಲಿ ಅದರ ಸುದ್ದಿಯೇ ಇಲ್ಲ!

ಇನ್ನೊಂದು ಉದಾಹರಣೆ ನಾಸಿಕ್ ಜಿಲ್ಲೆಯ ಮಾಲೆಗಾಂವದ್ದು. ನಮ್ಮ ನೆರೆಯ ಇಚಲಕರಂಜಿಯಂತೆಯೇ ಅದು ವಿದ್ಯುತ್ ಮಗ್ಗಗಳ ಊರು. ಶೇಖ್ ನಾಸಿರ್ ಎಂಬವರು 2000ದ ಹೊತ್ತಿಗೆ ನೇಕಾರರನ್ನೇ ನಟರನ್ನಾಗಿಸಿ, ಸಾದಾ ವೀಡಿಯೋ ಕ್ಯಾಮೆರಾದಲ್ಲಿ 'ಮಾಲೆಗಾಂವ್ ಕೆ ಶೋಲೆ' ತೆಗೆದರು. ಜನ ತಮ್ಮ ಊರಿನ ಗಲ್ಲಿ, ತಮ್ಮ ಮಾತು, ತಮ್ಮ ನಗು ಪರದೆಯ ಮೇಲೆ ಕಂಡು ಬಿದ್ದು ಬಿದ್ದು ನಕ್ಕರು. ಅಲ್ಲಿ ನಗುವವರೂ ಅವರೇ, ನಗೆಯ ಪಾತ್ರವೂ ಅವರೇ ಆದ್ದರಿಂದ ಯಾರಿಗೂ ಅವಮಾನವಾಗಲಿಲ್ಲ.

ಕೈಯಲ್ಲೇ ಕ್ಯಾಮೆರಾ

ಸಿನೆಮಾ ಹಲಾಲೇ ಹರಾಮೇ ಎಂಬ ಚರ್ಚೆಯಲ್ಲಿ ನಮ್ಮ ಹಿರಿಯರು ಬಹಳ ಸಮಯ ಕಳೆದಿದ್ದಾರೆ. ಅಶ್ಲೀಲವನ್ನು, ಹಿಂಸೆಯನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದೆಂಬ ಅವರ ಕಾಳಜಿ ಸರಿಯಾದದ್ದೇ. ಆದರೆ ಇಂದು ಕ್ಯಾಮೆರಾ ನಮ್ಮ ಮಕ್ಕಳ ಜೇಬಿನಲ್ಲಿದೆ. ಮದುವೆಯ ಹಂದರದಲ್ಲಿ, ಈದ್ಗಾದಲ್ಲಿ, ಉರುಸಿನಲ್ಲಿ, ಕಾಲೇಜಿನ ಬಸ್ಸಿನಲ್ಲಿ ಅದು ತೆರೆದೇ ಇರುತ್ತದೆ. ಬಾಗಿಲು ಮುಚ್ಚುವ ಕಾಲ ಕಳೆದುಹೋಗಿದೆ. ಬಾಗಿಲಲ್ಲಿ ನಿಂತು ವಿವೇಕ ಹೇಳುವ ಕೆಲಸ ಮಾತ್ರ ಹೆತ್ತವರಿಗೆ ಉಳಿದಿದೆ.

ಆ ವಿವೇಕಕ್ಕೆ ಹೊಸ ಶಾಸ್ತ್ರ ಬೇಕಿಲ್ಲ. ಇನ್ನೊಬ್ಬರ ಮಾನ ನಮ್ಮ ಬಳಿ ಇರುವ ಅಮಾನತ್ತು ಎಂದು ಇಸ್ಲಾಮ್ ಕಲಿಸಿದೆ. ಪರರ ಕೊರತೆಯನ್ನು ಮುಚ್ಚುವುದು ಪುಣ್ಯ, ಬೆನ್ನ ಹಿಂದೆ ಆಡಿಕೊಳ್ಳುವುದು ಪಾಪ ಎಂದಿದೆ. ಹಾಗೆಯೇ ಸತ್ಯದ ಸಾಕ್ಷ್ಯವನ್ನು, ಅದು ನಮ್ಮವರ ವಿರುದ್ಧವೇ ಇದ್ದರೂ, ಬಚ್ಚಿಡಬಾರದೆಂದೂ ಹೇಳಿದೆ. ಮಗನೋ ಮಗಳೋ ವೀಡಿಯೋ ಮಾಡಿ ತೋರಿಸಿದರೆ ನಾವು ಮೂರು ಪ್ರಶ್ನೆ ಕೇಳಬಹುದು. ಇದರಲ್ಲಿ ಕಾಣಿಸುವವರ ಒಪ್ಪಿಗೆ ಪಡೆದೆಯಾ? ಇಲ್ಲಿ ನಗು ಯಾರ ಮೇಲೆ ಬೀಳುತ್ತದೆ, ಬಲಹೀನರ ಮೇಲೆಯೋ? ನೀನು ಹೇಳುತ್ತಿರುವುದು ನೀನು ಕಂಡದ್ದೋ, ಮುಂಬಯಿಯವರು ಕಂಡಂತೆ ನಟಿಸಿದ್ದೋ?

ಈ ಮೂರಕ್ಕೂ ಸರಿಯಾದ ಉತ್ತರವಿದ್ದರೆ ಅವರನ್ನು ತಡೆಯುವುದೇಕೆ? ವರದಕ್ಷಿಣೆಗೆ ಸಾಲ ಮಾಡಿದ ತಂದೆಯ ಕಥೆಯನ್ನು ಅವರು ಹೇಳಲಿ. ಸಮುದಾಯದ ಹೆಸರು ಕೆಡುತ್ತದೆ ಎಂದು ಯಾರಾದರೂ ಗದರಿಸಿಯಾರು. ಹೆಸರು ಕೆಡುವುದು ವರದಕ್ಷಿಣೆ ತೆಗೆದುಕೊಳ್ಳುವುದರಿಂದಲೇ ಹೊರತು ಅದನ್ನು ಹೇಳುವುದರಿಂದಲ್ಲ. ಅಥಣಿಯ ಚಪ್ಪಲಿ ಹೊಲಿಯುವವರು, ಉಗಾರದ ಕಬ್ಬಿನ ಗಾಡಿಗಳು, ದಖನಿಯಲ್ಲಿ ಬೈದು ಕನ್ನಡದಲ್ಲಿ ಲೆಕ್ಕ ಹಾಕಿ ಮರಾಠಿಯಲ್ಲಿ ಚೌಕಾಶಿ ಮಾಡುವ ನಮ್ಮ ದಾದಿಯರು, ಇವರೆಲ್ಲ ಯಾವ ಸಿನೆಮಾದಲ್ಲೂ ಬಂದಿಲ್ಲ. ದಾದಿಯರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ, ಅವರೊಂದಿಗೆ ಆ ಮಾತೂ ಹೋಗುತ್ತಿದೆ.

ಬರುವ ರಜೆಯಲ್ಲಿ ಒಂದು ಕೆಲಸ ಮಾಡೋಣ. ಮಕ್ಕಳ ಕೈಗೆ ಫೋನು ಕೊಟ್ಟು, ದಾದಿ-ನಾನಿಯರ ಎದುರು ಕೂರಿಸೋಣ. ಅವರ ಒಪ್ಪಿಗೆ ಕೇಳಿ, ತಂಬಾಕು ವಖಾರಿಯ ದಿನಗಳ ಬಗ್ಗೆ, ಮದುವೆಯಾಗಿ ಗಡಿ ದಾಟಿ ಬಂದ ಬಗ್ಗೆ ಹೇಳಿಸೋಣ. ಅದನ್ನು ಯಾರಿಗೂ ಕಳುಹಿಸಬೇಕೆಂದಿಲ್ಲ. ಮನೆಯಲ್ಲಿ ಜೋಪಾನವಾಗಿದ್ದರೆ ಸಾಕು. ಮುಂದೆ ನಮ್ಮ ಮಗಳೊಬ್ಬಳು ನಿಜವಾದ ಸಿನೆಮಾ ತೆಗೆಯಲು ಹೊರಟರೆ ಅವಳಿಗೆ ಎಲ್ಲಿಂದ ಆರಂಭಿಸಬೇಕೆಂಬುದು ತಿಳಿದಿರುತ್ತದೆ.