ಜೇಬಿನೊಳಗಣ ಕೆಂಡ

ಮಡಿಲಿನಲ್ಲಿ ಕೆಂಡ ಕಟ್ಟಿಕೊಂಡವರುಂಟೆ ಎಂದು ಹಿರಿಯರು ಕೇಳುವುದುಂಟು. 2016ರಲ್ಲಿ ಲಕ್ಷಾಂತರ ಜನರು ತಾವರಿಯದೆಯೇ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು.

ಆ ವರ್ಷದ ಆಗಸ್ಟ್ ತಿಂಗಳಲ್ಲಿ ದಕ್ಷಿಣ ಕೊರಿಯದ ಸ್ಯಾಮ್‌ಸಂಗ್ ಸಂಸ್ಥೆಯು ‘ಗ್ಯಾಲಕ್ಸಿ ನೋಟ್ 7’ ಎಂಬ ಮೊಬೈಲ್ ಫೋನನ್ನು ಮಾರುಕಟ್ಟೆಗೆ ತಂದಿತು. ಕೆಲವೇ ದಿನಗಳಲ್ಲಿ, ಅದು ಅಲ್ಲಲ್ಲಿ ಹೊತ್ತಿ ಉರಿದ ಸುದ್ದಿ ಹಬ್ಬಿತು. ಸೆಪ್ಟೆಂಬರ್ 2ರಂದು ಸಂಸ್ಥೆಯು ಸುಮಾರು 25 ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆದು, ಬೇರೊಬ್ಬ ತಯಾರಕರ ಬ್ಯಾಟರಿಯುಳ್ಳವನ್ನು ಬದಲಿಗೆ ಕೊಟ್ಟಿತು. ಅವೂ ಉರಿದವು! ಅಕ್ಟೋಬರ್ 5ರಂದು ಅಮೆರಿಕದ ಲೂಯಿವಿಲ್ ನಗರದಲ್ಲಿ, ಹೊರಡಲಿದ್ದ ವಿಮಾನವೊಂದರೊಳಗೆ ಬದಲಿ ಫೋನೊಂದು ಹೊಗೆಯುಗುಳಿತು, ಪ್ರಯಾಣಿಕರನ್ನೆಲ್ಲ ಇಳಿಸಬೇಕಾಯಿತು. ಅದೇ ತಿಂಗಳು 11ರಂದು ಸಂಸ್ಥೆಯು ಅದರ ತಯಾರಿಕೆಯನ್ನೇ ಕೈಬಿಟ್ಟಿತು.

ಕಾರಣವು 2017ರ ಜನವರಿಯಲ್ಲಿ ಹೊರಬಿದ್ದಿತು. ಲಿಥಿಯಮ್ ಅಯಾನ್ ಬ್ಯಾಟರಿಯಲ್ಲಿ ಧನ, ಋಣಗಳೆಂಬ ಎರಡು ಹಾಳೆಗಳು ಒಟ್ಟಾಗಿ ಸುತ್ತಿಕೊಂಡಿರುತ್ತವೆ. ಅವೆರಡನ್ನೂ ಬೇರ್ಪಡಿಸುವುದು ಕೂದಲೆಳೆಗಿಂತ ತೆಳುವಾದ ಪೊರೆ. ಒಳಗೆಲ್ಲ ಬೇಗನೆ ಹೊತ್ತಿಕೊಳ್ಳುವ ದ್ರವ. ಪೊರೆ ಹರಿದು ಹಾಳೆಗಳು ತಾಗಿದರೆ ಕಾವೇರುತ್ತದೆ; ಆ ಕಾವು ಮತ್ತಷ್ಟು ಕಾವನ್ನು ಹುಟ್ಟಿಸುತ್ತದೆ. ಮೊದಲಿನ ಬ್ಯಾಟರಿಗಳಲ್ಲಿ ಇಕ್ಕಟ್ಟಾದ ಹೊದಿಕೆಯು ಹಾಳೆಯ ಮೂಲೆಯನ್ನು ಬಾಗಿಸಿತ್ತು. ಬದಲಿ ಬ್ಯಾಟರಿಗಳಲ್ಲಿ ಬೆಸುಗೆಯ ಚೂಪು ಮುಳ್ಳುಗಳು ಪೊರೆಯನ್ನು ಚುಚ್ಚಿದ್ದುವು. ಕೊಂಡವರ ತಪ್ಪು ಇದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಇಂಥ ವಸ್ತುವಿನಿಂದ ಮನೆ ಸುಟ್ಟರೆ, ಮಗುವಿನ ಕೈ ಬೆಂದರೆ ಹೊಣೆ ಯಾರದು? 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದ ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಇದಕ್ಕೆ ಉತ್ತರವಿತ್ತಿದೆ. ತಯಾರಿಕೆಯಲ್ಲಿ ಅಥವಾ ವಿನ್ಯಾಸದಲ್ಲಿ ದೋಷವಿದ್ದರೆ, ತಕ್ಕ ಎಚ್ಚರಿಕೆಯನ್ನು ಕೊಡದಿದ್ದರೆ, ಅದರಿಂದಾದ ಗಾಯಕ್ಕೂ ಸೊತ್ತಿನ ಹಾನಿಗೂ ತಯಾರಕನು ಹೊಣೆಗಾರನು. ಹೊಸ ಫೋನೊಂದನ್ನು ಕೈಗಿತ್ತ ಮಾತ್ರಕ್ಕೆ ಆ ಋಣ ತೀರದು.

ಆದರೆ ಹಕ್ಕಿದ್ದರೆ ಸಾಲದು, ದೋಷವನ್ನು ತೋರಿಸಿಕೊಡಬೇಕು. ದೂರನ್ನು ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಕೊಳ್ಳುವಾಗ ಗಂಟೆಗಟ್ಟಲೆ ಚೌಕಾಸಿ ಮಾಡಿ, ಮನೆಗೆ ಬಂದೊಡನೆ ರಸೀದಿಯನ್ನು ಕಸದ ಬುಟ್ಟಿಗೆ ಹಾಕುವವರೇ ಹೆಚ್ಚು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ವಿದ್ಯುತ್ತಿಗೆ ಜೋಡಿಸಲೂ ಬಾರದು. ಸುಟ್ಟುಹೋದ ಫೋನನ್ನು ಬೇಸರದಿಂದ ಎಸೆಯಲೂ ಬಾರದು. ಗ್ರಾಹಕರ ಆಯೋಗದ ಮುಂದೆ ಮನೆಯವರ ಪರವಾಗಿ ನಿಲ್ಲುವ ಮೊದಲ ಸಾಕ್ಷಿ ಅದೇ.