ದಾಳದಾಟದ ಮಾಟವೂ ಆಮಿಲರ ಲೋಬಾನವೂ

ಕಳೆದ ತಿಂಗಳು ಒಂದು ರಾತ್ರಿ ಇಶಾ ನಮಾಝ್ ಮುಗಿದ ಬಳಿಕ, ಕೆಂಗೇರಿಯ ನಮ್ಮ ಮಸೀದಿಯ ಅಂಗಳದಲ್ಲಿ ಒಬ್ಬ ತಂದೆ ನನ್ನ ಕೈಗೆ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಇಟ್ಟರು. ಕಾಲೇಜಿನಲ್ಲಿ ಓದುವ ಅವರ ಮಗ ಶನಿವಾರಗಳಂದು ಮೆಟ್ರೋ ಹಿಡಿದು ಗೆಳೆಯರ ಮನೆಗೆ ಹೋಗಿ ಆಡುವ ಆಟದ ನಿಯಮಪುಸ್ತಕ ಅದು. "ಹಜ್ರತ್, ಇದರಲ್ಲಿ ಜಿನ್ನ್ ಕರೆಯುವ ವಿಧಾನ ಬರೆದಿದ್ದಾರೆ. ಸುಡಬೇಕೋ, ಹೂಳಬೇಕೋ ನೀವೇ ಹೇಳಿ" ಎಂದರು. ಮಾತು ಮುಂದುವರಿದಾಗ ಇನ್ನೊಂದು ಸಂಗತಿ ಹೊರಬಿತ್ತು. ನನ್ನ ಬಳಿಗೆ ಬರುವ ಮುನ್ನ ಅವರು ಮಗನನ್ನು ಒಬ್ಬ ಆಮಿಲರ ಬಳಿಗೆ ಕರೆದೊಯ್ದಿದ್ದರು. ಆಮಿಲರು ಕೆಂಡದ ಮೇಲೆ ಲೋಬಾನ ಹಾಕಿ, ಕಣ್ಣು ಮುಚ್ಚಿ, ಹುಡುಗನಿಗೆ ಜಿನ್ನ್ ಹಿಡಿದಿದೆಯೆಂದು ತಮ್ಮ ಮುವಕ್ಕಿಲ್ ತಿಳಿಸಿದ್ದಾನೆ ಎಂದು ತೀರ್ಪು ಕೊಟ್ಟು, ಅದನ್ನು ಬಿಡಿಸಲು 11 ಸಾವಿರ ರೂಪಾಯಿಯನ್ನೂ ಒಂದು ಕಪ್ಪು ಕೋಳಿಯನ್ನೂ ಕೇಳಿದ್ದರು. ಅರ್ಧ ಹಣ ಆಗಲೇ ಸಂದಾಯವಾಗಿತ್ತು.

ಓದದೆ ತೀರ್ಪು ಕೊಡುವುದು ಇಲ್ಮ್‌ಗೆ ಮಾಡುವ ಅನ್ಯಾಯ. ಆದ್ದರಿಂದ ಪುಸ್ತಕವನ್ನು ಮನೆಗೆ ಒಯ್ದು, ಅರ್ಥವಾಗದ ಕಡೆ ಆ ಹುಡುಗನನ್ನೇ ಕೇಳಿ ಓದಿದೆ. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ಇದನ್ನು ರೂಪಿಸಿ ಪ್ರಕಟಿಸಿದರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ, ಸೋಲುಗೆಲುವನ್ನು ಇಪ್ಪತ್ತು ಮುಖದ ದಾಳ ನಿರ್ಣಯಿಸುತ್ತದೆ. ತಂದೆ ಬೆರಳಿಟ್ಟು ತೋರಿಸಿದ ಪುಟದಲ್ಲಿ 'ಫೈಂಡ್ ಫೆಮಿಲಿಯರ್' ಎಂಬ ಮಂತ್ರವಿತ್ತು. ಮಾಂತ್ರಿಕನ ಪಾತ್ರವು ಒಂದು ಗಂಟೆ ಕಾಲ ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ 10 ಚಿನ್ನದ ನಾಣ್ಯ ಬೆಲೆಯ ಇದ್ದಿಲು, ಧೂಪ, ಗಿಡಮೂಲಿಕೆಗಳನ್ನು ಉರಿಸಿದರೆ ಒಂದು ಆತ್ಮವು ಗೂಬೆ, ಬೆಕ್ಕು, ಕಪ್ಪೆ ಮೊದಲಾದ ಯಾವುದಾದರೂ ಪ್ರಾಣಿಯ ರೂಪದಲ್ಲಿ ಬಂದು ಅವನ ಸೇವೆಗೆ ನಿಲ್ಲುತ್ತದಂತೆ. ಇದನ್ನೇ 'ರಿಚುವಲ್' ವಿಧಾನದಲ್ಲಿ ಮಾಡಿದರೆ 10 ನಿಮಿಷ ಹೆಚ್ಚು ಹಿಡಿಯುತ್ತದೆ. ಪಾತ್ರಕ್ಕೆ ದಿನಕ್ಕಿಷ್ಟೆಂದು ಗೊತ್ತುಮಾಡಿದ ಮಂತ್ರಗಳ ಲೆಕ್ಕದಿಂದ ಏನೂ ಕಳೆಯುವುದಿಲ್ಲ. ಇದು 2014ರ ಐದನೆಯ ಆವೃತ್ತಿಯ ನಿಯಮ.

ಆಟದ ಮೇಜಿನ ಮೇಲೆ ಇವುಗಳಲ್ಲಿ ಏನು ನಡೆಯುತ್ತದೆ? ಇದ್ದಿಲು ಉರಿಯುವುದಿಲ್ಲ, ಧೂಪ ಹೊಗೆಯಾಡುವುದಿಲ್ಲ, ಯಾರೂ ಯಾವ ಮಂತ್ರವನ್ನೂ ಪಠಿಸುವುದಿಲ್ಲ. "ನನ್ನ ಮಾಂತ್ರಿಕ ಗೂಬೆಯನ್ನು ಕರೆದ" ಎಂದು ಹುಡುಗ ಹೇಳುತ್ತಾನೆ. ಹಾಳೆಯ ಮೇಲೆ 10 ನಾಣ್ಯಗಳನ್ನು ಪೆನ್ಸಿಲಿನಿಂದ ಅಳಿಸುತ್ತಾನೆ. ಅಷ್ಟೇ.

ಈಗ ಆಮಿಲರ ಕೋಣೆಯನ್ನು ನೋಡೋಣ. ಅಲ್ಲಿ ಕೆಂಡ ನಿಜವಾಗಿ ಉರಿಯಿತು, ಲೋಬಾನ ನಿಜವಾಗಿ ಹೊಗೆಯಾಡಿತು, ಕಣ್ಣಿಗೆ ಕಾಣದ ಸೇವಕನೊಬ್ಬನ ಮಾತನ್ನು ನಿಜವೆಂದು ಸಾರಲಾಯಿತು, ನಿಜವಾದ ಹಣ ಕೈ ಬದಲಾಯಿತು. ಪುಸ್ತಕದಲ್ಲಿ ಕಥೆಯಾಗಿ ಬರೆದದ್ದನ್ನು ಆಮಿಲರು ಕ್ರಿಯೆಯಾಗಿ ಮಾಡಿದರು. ನಾವು ಕಥೆಗೆ ಹೆದರಿ ಕ್ರಿಯೆಗೆ ಕಾಣಿಕೆ ಕೊಟ್ಟೆವು!

ಇದು ಇಂದು ಹುಟ್ಟಿದ ರೋಗವಲ್ಲ. ದಖನ್ನಿನ ಮುಸ್ಲಿಮರ ಆಚಾರಗಳನ್ನು ಕುರಿತು ಜಾಫರ್ ಶರೀಫ್ ಬರೆದ 'ಕಾನೂನೆ ಇಸ್ಲಾಮ್' 1832ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಧೂಪ ಹಾಕಿ ಜಿನ್ನ್‌ಗಳನ್ನು ವಶಪಡಿಸಿಕೊಳ್ಳುವ ಪದ್ಧತಿಗಳ ದೀರ್ಘ ವಿವರಣೆ ಅದರಲ್ಲಿದೆ. ಅಮೆರಿಕದ ಆಟ ಹುಟ್ಟುವುದಕ್ಕಿಂತ 142 ವರ್ಷ ಮೊದಲೇ ನಮ್ಮ ಮನೆಗಳ ಸುತ್ತ ಈ ವ್ಯವಹಾರವಿತ್ತು.

ಸಿಹ್ರ್ ಸುಳ್ಳೆಂದು ನಾನು ಹೇಳುತ್ತಿಲ್ಲ. ಜಿನ್ನ್‌ಗಳ ಅಸ್ತಿತ್ವ ನಮ್ಮ ವಿಶ್ವಾಸದ ಭಾಗ. ಸುಲೈಮಾನ್(ಅ) ಕುಫ್ರ್ ಎಸಗಲಿಲ್ಲ, ಜನರಿಗೆ ಮಾಟ ಕಲಿಸಿದ ಶೈತಾನರೇ ಎಸಗಿದರು ಎಂದು ಅಲ್‌ಬಕರ ಅಧ್ಯಾಯದ 102ನೇ ಸೂಕ್ತ ಸ್ಪಷ್ಟಪಡಿಸುತ್ತದೆ. ಮನುಷ್ಯರಲ್ಲಿ ಕೆಲವರು ಜಿನ್ನ್‌ಗಳ ಮೊರೆಹೊಕ್ಕು ಅವರ ಅಹಂಕಾರವನ್ನು ಹೆಚ್ಚಿಸಿದರೆಂದು ಅಲ್‌ಜಿನ್ನ್ ಅಧ್ಯಾಯದ 6ನೇ ಸೂಕ್ತ ತಿಳಿಸುತ್ತದೆ. ವಿನಾಶಕಾರಿಯಾದ ಏಳು ಪಾಪಗಳನ್ನು ಎಣಿಸುವಾಗ ಪ್ರವಾದಿ(ಸ)ರು ಶಿರ್ಕ್‌ನ ಬೆನ್ನಿಗೇ ಸಿಹ್ರನ್ನು ಹೇಳಿದರು. ಆದರೆ ಈ ಎಲ್ಲ ವಚನಗಳು ಎಚ್ಚರಿಸುವುದು ಯಾವುದನ್ನು? ಅಲ್ಲಾಹನನ್ನು ಬಿಟ್ಟು ಅಗೋಚರ ಶಕ್ತಿಗಳ ಮೊರೆಹೋಗುವುದನ್ನು, ಅವುಗಳಿಂದ ಲಾಭ ಹಾನಿ ನಿರೀಕ್ಷಿಸುವುದನ್ನು. ಭವಿಷ್ಯ ಹೇಳುವವನ ಬಳಿ ಹೋಗಿ ವಿಚಾರಿಸಿದವನ 40 ರಾತ್ರಿಗಳ ನಮಾಝ್ ಸ್ವೀಕೃತವಾಗದೆಂಬ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಸಹೋದರರೇ, ಈ ಎಚ್ಚರಿಕೆ ಅನ್ವಯಿಸುವುದು ಮಗನ ಶನಿವಾರಕ್ಕೋ, ತಂದೆಯ ಆಮಿಲ್ ಭೇಟಿಗೋ?

"ಆಟವೆಂದರೂ ಕುಫ್ರ್‌ನ ಮಾತು ಕುಫ್ರೇ ಅಲ್ಲವೇ?" ಎಂದು ಕೆಲವರು ಅತ್ತೌಬ ಅಧ್ಯಾಯದ 65ನೇ ಸೂಕ್ತವನ್ನು ಮುಂದಿಡಬಹುದು. ಆ ಸೂಕ್ತ ಅಲ್ಲಾಹನನ್ನೂ ಆತನ ವಚನಗಳನ್ನೂ ಸಂದೇಶವಾಹಕರನ್ನೂ ಗೇಲಿ ಮಾಡಿ, ಬಳಿಕ ತಮಾಷೆಯೆಂದು ನುಣುಚಿಕೊಂಡವರ ಕುರಿತಾದದ್ದು. ಕಥೆಯ ಪಾತ್ರ ಬೇರೆ, ಧರ್ಮದ ಅವಹೇಳನ ಬೇರೆ. ನಮ್ಮ ಮದ್ರಸಗಳಲ್ಲಿ ತಲೆಮಾರುಗಳಿಂದ ಹರೀರಿಯ 'ಮಕಾಮಾತ್' ಪಾಠವಾಗುತ್ತಿದೆ. ಅದರ ನಾಯಕ ಅಬೂ ಝೈದ್ ವೇಷ ಬದಲಿಸಿ ಜನರನ್ನು ವಂಚಿಸುವವನು. ಅದನ್ನು ಓದಿದ ನಮ್ಮನ್ನು ಯಾರೂ ವಂಚಕರೆನ್ನಲಿಲ್ಲ. ಆಯಿಶಾ(ರ)ರ ಆಟಿಕೆಗಳ ನಡುವೆ ರೆಕ್ಕೆಯ ಕುದುರೆಯನ್ನು ಕಂಡು ಪ್ರವಾದಿ(ಸ)ರು ಪ್ರಶ್ನಿಸಿದಾಗ, ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಅವರು ಮರುನುಡಿದರು. ಪ್ರವಾದಿ(ಸ)ರು ನಕ್ಕರು. ಆ ನಗುವನ್ನು ನಾವು ಮರೆತದ್ದೇಕೆ?

ಹಾಗೆಂದು ಆಟ ನಿರ್ದೋಷಿಯೆಂದು ಭಾವಿಸಬೇಡಿ. ಪುಸ್ತಕದ ಭೂತದ ಚಿತ್ರ ಕಂಡು ಬೆಚ್ಚಿದ ತಂದೆಗೆ ಮಗನ ಜೇಬಿನಲ್ಲಿದ್ದ ದಾಳ ಕಾಣಲೇ ಇಲ್ಲ! ನರ್ದ್ ಎಂಬ ದಾಳದಾಟವನ್ನು ಖಂಡಿಸುವ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಪಣವಿಲ್ಲದಿದ್ದರೂ ಅದು ನಿಷಿದ್ಧವೆಂಬುದು ಬಹುಪಾಲು ವಿದ್ವಾಂಸರ ನಿಲುವು. ಮಕ್ರೂಹ್ ಎಂದವರೂ ಇದ್ದಾರೆ. ದಾಳದಿಂದ ದೂರವಿರುವುದೇ ಸುರಕ್ಷಿತವೆಂದು ನಾನು ಆ ಹುಡುಗನಿಗೆ ತಿಳಿಸಿದೆ. ಅದೇ ಆಟದಲ್ಲಿ ಶೈತಾನನಂಥ ಒಡೆಯನೊಂದಿಗೆ ಒಪ್ಪಂದ ಮಾಡಿಕೊಂಡು ಶಕ್ತಿ ಪಡೆಯುವ 'ವಾರ್ಲಾಕ್' ಎಂಬ ಪಾತ್ರವಿದೆ. ಕಥೆಯಲ್ಲಾದರೂ "ನಾನು ಅವನ ದಾಸ" ಎಂಬ ಮಾತು ವಿಶ್ವಾಸಿಯ ನಾಲಿಗೆಗೆ ಒಪ್ಪುವಂಥದ್ದಲ್ಲ. ಅದನ್ನು ಬಿಡು ಎಂದೆ. ಆಟದ ನಡುವೆ ಅಸರ್ ಮತ್ತು ಮಗ್ರಿಬ್ ನಮಾಝ್‌ಗಳು ತಪ್ಪುತ್ತಿದ್ದುದನ್ನು ಅವನೇ ಒಪ್ಪಿಕೊಂಡ. ನನ್ನ ದೃಷ್ಟಿಯಲ್ಲಿ ಆ ಮೇಜಿನ ಅತಿದೊಡ್ಡ ನಷ್ಟ ಅದೇ. ಇವೆಲ್ಲ ಕರ್ಮದ ತಪ್ಪುಗಳು, ಬುದ್ಧಿಮಾತಿನಿಂದ ತಿದ್ದಬಹುದಾದವು. ಆಮಿಲರ ಮುವಕ್ಕಿಲ್‌ನನ್ನು ನಂಬುವುದು ಅಕೀದಕ್ಕೆ ತಗಲುವ ಪೆಟ್ಟು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಬರಿಯ ಹೆದರಿಕೆ ಏನನ್ನೂ ಸುಧಾರಿಸದು. 1980ರ ದಶಕದಲ್ಲಿ ಅಮೆರಿಕದ ಕ್ರೈಸ್ತ ಕುಟುಂಬಗಳಲ್ಲಿ ಇದೇ ಆಟದ ವಿರುದ್ಧ ದೊಡ್ಡ ಭೀತಿ ಹಬ್ಬಿತ್ತು. 1989ರ ಆವೃತ್ತಿಯಲ್ಲಿ ಪ್ರಕಾಶಕರು 'ಡೀಮನ್', 'ಡೆವಿಲ್' ಎಂಬ ಹೆಸರುಗಳನ್ನು ಕೈಬಿಟ್ಟರು. ಮುಂದೆ ಅವೇ ಜೀವಿಗಳು ಹೊಸ ಹೆಸರು ಹೊತ್ತು ಮರಳಿದವು. ಹೆಸರು ಹೋಯಿತು, ವಸ್ತು ಉಳಿಯಿತು.

ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರದ ವಿರುದ್ಧ 2017ರಲ್ಲಿ ಶಾಸನ ರೂಪುಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವವರನ್ನು ಅದು ಶಿಕ್ಷಿಸುತ್ತದೆ. ಸರಕಾರದ ಕಾನೂನಿಗಿಂತ ಹದಿನಾಲ್ಕು ಶತಮಾನ ಮೊದಲೇ ನಮ್ಮ ದೀನ್ ಈ ಬಾಗಿಲನ್ನು ಮುಚ್ಚಿತ್ತು. ಭಯವಾದಾಗ ಪಠಿಸಲು ಆಯತುಲ್ ಕುರ್ಸಿ ಇದೆ, ಅಲ್‌ಫಲಕ್ ಮತ್ತು ಅನ್ನಾಸ್ ಅಧ್ಯಾಯಗಳಿವೆ. ತಂದೆಯೇ ಮಗನ ತಲೆಯ ಮೇಲೆ ಕೈಯಿಟ್ಟು ಓದಬಹುದು. ಅದಕ್ಕೆ ಶುಲ್ಕವಿಲ್ಲ, ಕೋಳಿ ಬೇಕಿಲ್ಲ.

ಪುಸ್ತಕವನ್ನು ಹಿಂದಿರುಗಿಸಿದ ದಿನ ಆ ಹುಡುಗ ಹೇಳಿದ ಮಾತು ನನ್ನನ್ನು ಇನ್ನೂ ಕಾಡುತ್ತಿದೆ. "ಹಜ್ರತ್, ಆಟದ ಗೂಬೆ ಸುಳ್ಳೆಂದು ನನಗೆ ಮೊದಲೇ ಗೊತ್ತಿತ್ತು. ಆಮಿಲರ ಮುವಕ್ಕಿಲ್ ನಿಜವೆಂದು ಅಬ್ಬಾ ನಂಬಿದರು." ಪಕ್ಕದಲ್ಲೇ ಇದ್ದ ತಂದೆ ತಲೆ ತಗ್ಗಿಸಿದರು. ಉಳಿದ ಹಣವನ್ನು ಅವರು ಕೊಡಲಿಲ್ಲ. ಕೊಟ್ಟದ್ದು ಮರಳಿ ಬರಲಿಲ್ಲ.

ಮಕ್ಕಳ ಪುಸ್ತಕದ ಕಪಾಟನ್ನು ಶೋಧಿಸುವ ಮುನ್ನ ನಮ್ಮ ಹೃದಯಗಳನ್ನು ಶೋಧಿಸೋಣ. ಅಲ್ಲಾಹನು ನಮ್ಮನ್ನೂ ನಮ್ಮ ಸಂತತಿಯನ್ನೂ ಸಿಹ್ರ್‌ನಿಂದಲೂ ಅದರ ವ್ಯಾಪಾರಿಗಳಿಂದಲೂ ಕಾಪಾಡಲಿ. ಆಮೀನ್.